ಬೇಕ್ಡ್ ವೆಜಿಟೆಬಲ್ಲೂ ನಮ್ಮತ್ತೆಯ ಸಂಶಯವೂ

ನಮ್ಮ ಮನೆಗೆ ಯಾವ ಹೊಸ ಪದಾರ್ಥ ಬಂದರೂ ಅದರ ಬೆನ್ನಿಗೇ ಒಂದು ಸಂಶಯವೂ ಹೊಸ್ತಿಲು ದಾಟಿ ಬರುತ್ತಿತ್ತು. ಅದಕ್ಕೆ ಮಣೆ ಹಾಕಿ ಕೂಡಿಸುವವರು ನಮ್ಮ ಅತ್ತೆ. ಧಾರವಾಡ ಬಿಟ್ಟು ಗ್ರಾಂಟ್ ರೋಡಿನ ಚಾಳಿಗೆ ಬಂದು ಎಷ್ಟೋ ಕಾಲವಾಗಿದ್ದರೂ ಮುಂಬಯಿಯ ಹಾಲು, ಹಿಟ್ಟು, ತರಕಾರಿ ಯಾವುದನ್ನೂ ಮೂಸಿ ನೋಡದೆ ಅವರು ಅಡಿಗೆಮನೆಯೊಳಗೆ ಬಿಟ್ಟವರಲ್ಲ.

ಐವತ್ತರ ದಶಕದ ಮಾತು. ನನ್ನ ನಾದಿನಿಗೆ ಮಾಟುಂಗಾದ ಒಂದು ಸಂಬಂಧ ಬಂದಿತ್ತು. ವಿಜಾಪುರದ ಕಡೆಯ ಮನೆತನ, ಹುಡುಗ ದೊಡ್ಡ ಕಂಪನಿಯಲ್ಲಿ ನೌಕರ. ಆಫೀಸಿನವರನ್ನು ಆಗಾಗ ಊಟಕ್ಕೆ ಕರೆಯಬೇಕಾಗುತ್ತದೆ, ಹುಡುಗಿಗೆ ಇಂಗ್ಲಿಷ್ ಪದ್ಧತಿಯ ಅಡಿಗೆ ಬಂದರೆ ಒಳ್ಳೆಯದು ಎಂದು ಮಧ್ಯಸ್ಥರ ಕೈಲಿ ಹೇಳಿಸಿದ್ದ. ಗಣಪತಿ ಹಬ್ಬದ ಕಾರ್ಯಕ್ರಮದಲ್ಲಿ ಅವನನ್ನು ದೂರದಿಂದ ನೋಡಿದ್ದ ನಾದಿನಿ ನನ್ನ ಕಿವಿಯಲ್ಲಿ, “ವೈನಿ, ಇದೊಂದು ಕೂಡಿ ಬರಬೇಕ್ರಿ” ಅಂದಿದ್ದಳು. ಹಿಂದೆ ಎರಡು ಸಂಬಂಧ ತಪ್ಪಿಹೋಗಿದ್ದವು.

ಕೆಳಗಿನ ಮಾಳಿಗೆಯ ಪಾರ್ಸಿ ಬಾಈ ಅವಳಿಗೆ ಬೇಕ್ಡ್ ವೆಜಿಟೆಬಲ್ ಕಲಿಸಲು ಒಪ್ಪಿದರು. ಬೇಯಿಸಿದ ತರಕಾರಿಯ ಮೇಲೆ ಹಾಲು, ಬೆಣ್ಣೆ, ಮೈದಾದ ಬಿಳಿ ಸಾಸ್ ಸುರಿದು, ಚೀಜ್ ತುರಿದು ಉದುರಿಸಿ, ಭಟ್ಟಿಯಲ್ಲಿಟ್ಟು ಮೇಲ್ಪದರ ಕೆಂಪಗಾಗಿಸುವುದು. ಅದರಲ್ಲಿ ಮೊಟ್ಟೆಯ ಸುದ್ದಿಯೇ ಇಲ್ಲ. ಆದರೆ ಬೆಂಡೆಕಾಯಿಯ ಮೇಲೂ ಮೊಟ್ಟೆ ಒಡೆದು ಹಾಕುವ ಮನೆಯಿಂದ ಬಂದ ವಿದ್ಯೆ ಅದು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: “ತತ್ತಿ ಇಲ್ಲದ ಪಾರ್ಸೇರ ಮನ್ಯಾಗ ಒಲಿ ಹೊತ್ತತದನ?”

ಬಿಳಿ ಸಾಸ್

ಮೊದಲ ಪ್ರಯೋಗ ಮನೆಯಲ್ಲೇ ನಡೆಯಿತು. ನಾದಿನಿ ಮೈದಾ ಹುರಿದು ಹಾಲು ಹಾಕಿ ತಿರುವುತ್ತ ಹೋದಳು. ಅದು ಗಟ್ಟಿಯಾಗುತ್ತ ಹೋಗಿ ಕೊನೆಗೆ ಸೌಟನ್ನೇ ಹಿಡಿದುಕೊಂಡಿತು. ಅತ್ತೆ ಬಗ್ಗಿ ನೋಡಿ, “ಇದು ಅಡಿಗಿ ಅಲ್ಲ, ಅಂಟು. ದೀಪಾವಳಿಗೆ ಆಕಾಶಬುಟ್ಟಿಗೆ ಕಾಗದ ಹಚ್ಚಲಿಕ್ಕೆ ನಾವು ಇದನ್ನ ಮಾಡತಿದ್ವಿ” ಅಂದರು.

ಸಂಜೆ ಆಫೀಸಿನಿಂದ ಬಂದ ನಮ್ಮವರು ಬಟ್ಟಲು ನೋಡಿ, ಅಂಟೇ ಇರಬೇಕೆಂದು ತಿಳಿದು, ಕಿಟಕಿಯ ಒಡಕು ಗಾಜಿಗೆ ಕಾಗದ ಅಂಟಿಸಿಬಿಟ್ಟರು. ಬಹಳ ದಿನದಿಂದ ಹೇಳುತ್ತಿದ್ದ ಕೆಲಸವಾದ್ದರಿಂದ ನಾನೂ ಸುಮ್ಮನಾದೆ. ಬೆಳಿಗ್ಗೆ ಎದ್ದು ನೋಡಿದರೆ ಬೆಣ್ಣೆಯ ವಾಸನೆಗೆ ಚಾಳಿನ ಇರುವೆಗಳೆಲ್ಲ ಆ ಕಾಗದದ ಸುತ್ತ ಪಂಕ್ತಿ ಹಾಕಿದ್ದವು.

ನಾದಿನಿ ಚಪ್ಪಾಳೆ ತಟ್ಟಿದಳು. “ವೈನಿ, ಇರವೀಗಾದ್ರೂ ಸೇರೇದ ನೋಡ್ರಿ!”

ಚೀಜ್

ಚೀಜನ್ನು ನಮ್ಮವರು ಫೋರ್ಟಿನ ಕಡೆಯಿಂದ ಡಬ್ಬಿಯಲ್ಲಿ ತಂದರು. ತೆರೆದರೆ ಹಳದಿ ಬಣ್ಣದ ಗಟ್ಟಿ. ಅತ್ತೆ ಮೂಸಿ ನೋಡಿ, ಮೂಗಿಗೆ ಸೆರಗು ಹಿಡಿದು, “ಇದು ನನ್ನ ಅಡಿಗಿಮನ್ಯಾಗ ಇರಕೂಡದು” ಎಂದು ಅದನ್ನು ಒಯ್ದು ಬಚ್ಚಲಿನ ಮೋರಿಯ ಕಟ್ಟೆಯ ಮೇಲಿಟ್ಟರು. ಬಟ್ಟೆ ಒಗೆಯುವ ಬಾಈ ಬಂದಳು, ಕಟ್ಟೆಯ ಮೇಲಿದ್ದದ್ದನ್ನು ಎತ್ತಿಕೊಂಡಳು, ನಮ್ಮವರ ಅಂಗಿಯ ಕಾಲರಿಗೆ ತಿಕ್ಕತೊಡಗಿದಳು. ತಿಕ್ಕಿದಳು, ನೀರು ಹಾಕಿದಳು, ಮತ್ತೆ ತಿಕ್ಕಿದಳು. ನೊರೆಯೇ ಇಲ್ಲ.

“ಬಾಈ, ಅಂಗಡಿಯವ ನಿಮಗೆ ಮೋಸ ಮಾಡ್ಯಾನ. ಇದು ಭೇಸಳ, ಕಲಬೆರಕಿ ಸಾಬೂನು” ಎಂದು ನನ್ನನ್ನೇ ಸಂಶಯದಿಂದ ನೋಡಿದಳು.

“ನಾ ಹೇಳಿದ್ದಿಲ್ಲೇನು?” ಅಂದರು ಅತ್ತೆ.

ಮರುದಿನ ನಮ್ಮವರು ಆ ಅಂಗಿ ತೊಟ್ಟು ಲೋಕಲ್ ಹತ್ತಿದರು. ಮುಂಬಯಿಗೆ ಬಂದ ಮೇಲೆ ಅವರಿಗೆ ಕೂಡಲು ಜಾಗ ಸಿಕ್ಕ ಮೊದಲ ದಿನ ಅದು.

ಭಟ್ಟಿ

ಹುಡುಗನ ಮನೆಯವರು ಊಟಕ್ಕೆ ಬರುವ ಭಾನುವಾರ ಬಂತು. ಅಷ್ಟರಲ್ಲಿ ನಾದಿನಿಯ ಸಾಸೂ ಹದಕ್ಕೆ ಬಂದಿತ್ತು, ಚೀಜಿನ ಹೊಸ ಡಬ್ಬಿಯೂ ಬಂದಿತ್ತು. ಚಾಳಿನಲ್ಲಿ ಯಾರ ಮನೆಯಲ್ಲಿ ಭಟ್ಟಿ ಇರುತ್ತದೆ? ಹಬ್ಬದಲ್ಲಿ ನಾನಖಟಾಯಿ ಬಿಸ್ಕೀಟಿನ ತಟ್ಟೆ ಒಯ್ಯುವಂತೆ ಇದನ್ನೂ ಮೂಲೆಯ ಇರಾಣಿಯ ಬೇಕರಿಗೇ ಒಯ್ಯಬೇಕು. ಪಾತ್ರೆ ಹಿಡಿದು ನಾನು ಹೊರಟೆ, ಜೊತೆಗೆ ಅತ್ತೆಯೂ ಹೊರಟರು, ಕಾವಲಿಗೆ.

“ಈ ಭಟ್ಟಿಯಲ್ಲಿ ಮೊಟ್ಟೆ ಹೋಗುತ್ತದೆಯೇ?” ಎಂದು ತಮ್ಮ ಹರಕು ಹಿಂದಿಯಲ್ಲಿ ಕೇಳಿದರು.

“ಕೇಕ್ ತೋ ಜಾತಾ ಹೈ, ಮಾಜಿ” ಅಂದ ಇರಾಣಿ, ಪಾಪ, ಕೇಕಿನ ಮೊಟ್ಟೆಯನ್ನು ಮುಚ್ಚಿಡದ ಸತ್ಯವಂತ.

ಅತ್ತೆ ಸೊಂಟದಿಂದ ಗಂಗಾಜಲದ ಗಿಂಡಿ ತೆಗೆದರು. ಏನೋ ಗೊಣಗುತ್ತ ಭಟ್ಟಿಯ ಬಾಯಿಗೆ ಚಿಮುಕಿಸಿದರು. ಚುಂಯ್ ಎಂದು ಹಬೆ ಎದ್ದಿತು. ಇರಾಣಿ ಹೌಹಾರಿ ಹಿಂದಕ್ಕೆ ಸರಿದ. ಮಾಟವೋ ಮಂತ್ರವೋ, ಎದುರಿನ ಬೇಕರಿಯವನು ಈ ಮುದುಕಿಯನ್ನು ಕಳಿಸಿರಬೇಕೆಂದು ಅವನಿಗೆ ಗಟ್ಟಿಯಾಗಿ ಅನ್ನಿಸಿತು. ಹಿಟ್ಟಿನ ಚೀಲದ ಮೇಲೆ ಕೂತ ಅತ್ತೆ ಅವನನ್ನು ನೋಡುತ್ತಿದ್ದರು, ಅವನು ಅತ್ತೆಯನ್ನು ನೋಡುತ್ತಿದ್ದ. ಪಾತ್ರೆಯನ್ನು ನೋಡಿಕೊಂಡದ್ದು ನಾನೊಬ್ಬಳೇ.

ಆ ದಿನ ಅವನ ಪಾವ್ ರೊಟ್ಟಿಗಳು ಎಂದೂ ಇಲ್ಲದಷ್ಟು ಉಬ್ಬಿದವಂತೆ. ಮರುದಿನ ಇರಾಣಿ ಖಾಲಿ ಬಾಟಲಿ ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತ. “ಮಾಜಿ, ವೋ ಪಾನಿ ಥೋಡಾ ಔರ್ ಮಿಲೇಗಾ?”

ಹವಾಲ್ದಾರ

ಆ ಭಾನುವಾರ ಬೇಕರಿಯಿಂದ ಹೊರಬಿದ್ದಾಗ ಪಾತ್ರೆ ಕೆಂಡದಂತೆ ಸುಡುತ್ತಿತ್ತು. ಅತ್ತೆ ಅದನ್ನು ಟವೆಲಿನಲ್ಲಿ ಸುತ್ತಿ, ಯಾರ ದೃಷ್ಟಿಯೂ ಬೀಳದಿರಲೆಂದು ಸೆರಗಿನೊಳಗೆ ಹಿಡಿದು ಬಿರಬಿರನೆ ನಡೆದರು. ಅದು ದಾರೂಬಂದಿಯ ಕಾಲ, ಸೆರೆ ಮಾರುವುದೂ ಕುಡಿಯುವುದೂ ಅಪರಾಧ. ಸೆರಗಿನೊಳಗೆ ಏನಾದರೂ ಉಬ್ಬಿ ಕಂಡರೆ ಪೊಲೀಸರ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ರಸ್ತೆ ಕೂಡುವ ನಾಕೆಯಲ್ಲಿದ್ದ ಹವಾಲ್ದಾರ ಅಡ್ಡ ನಿಂತು, ಸೆರಗಿನೊಳಗೆ ಏನಿದೆ ಎಂದು ಮರಾಠಿಯಲ್ಲಿ ಕೇಳಿದ.

“ಹಾತ ಲಾವೂ ನಕಾ!” ಎಂದು ಅತ್ತೆ ಅಬ್ಬರಿಸಿದರು. ಮುಟ್ಟಬೇಡ ಅಂದದ್ದೇ ತಡ, ಅವನ ಸಂಶಯ ಖಾತ್ರಿಯಾಯಿತು. ಜನ ಸೇರಿದರು. ಆ ಹೊತ್ತಿಗೆ ಹುಡುಗನ ಮನೆಯವರು ಇದೇ ದಾರಿಯಲ್ಲಿ ಬಂದರೆ ಮಾಡುವುದೇನು?

“ಒಮ್ಮೆ ತೋರಿಸಿಬಿಡ್ರಿ, ಅತ್ತಿಯವರ” ಎಂದು ನಾನೇ ಟವೆಲ್ ಸರಿಸಿದೆ. ಹವಾಲ್ದಾರ ಬಗ್ಗಿ ಜೋರಾಗಿ ಮೂಸಿದ. ಚೀಜಿನ ವಾಸನೆ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು.

“ಹೋಗ್ರಿ ಬಾಈ, ಹೋಗ್ರಿ. ಇದಕ್ಕಿಂತ ದಾರೂನೇ ವಾಸಿ!”

ಊಟ

ಹುಡುಗ, ಅವನ ತಂದೆ, ತಾಯಿ ಮಣೆಯ ಮೇಲೆ ಕೂತರು. ಚಪಾತಿ, ಕೋಸಂಬರಿ, ಶ್ರೀಖಂಡ ಎಲ್ಲ ಸುಸೂತ್ರವಾಗಿ ನಡೆಯಿತು. ಪಾತ್ರೆ ಹಿಡಿದು ನಾನು ಮುಂದೆ ಬಂದೆ. ಹುಡುಗನ ಮುಖ ಅರಳಿತು. ಆದರೆ ಅವನ ತಾಯಿ ತಮ್ಮ ಎಲೆಯ ಮೇಲೆ ಕೈ ಅಡ್ಡ ಹಿಡಿದರು.

“ಮ್ಯಾಲೆ ಹಳದಿ ಪದರ ಕಾಣಸ್ತದಲ್ಲ, ಏನದು? ತತ್ತಿ ಹಾಕೀರೇನು?”

ಎಲ್ಲರ ಕೈಗಳೂ ನಿಂತವು. ಅಡಿಗೆಮನೆಯ ಬಾಗಿಲ ಹಿಂದೆ ನಾದಿನಿ ಬಿಕ್ಕಿದ್ದು ನನಗೆ ಕೇಳಿಸಿತು.

ಆಗ ಅತ್ತೆ ಮುಂದೆ ಬಂದರು. “ತತ್ತಿ? ನಮ್ಮ ಮನ್ಯಾಗ? ಭಟ್ಟಿ ಮುಂದ ಕೂತು ನಾನs ಬೇಯಿಸಿಕೊಂಡು ಬಂದೀನಿ. ಸಂಶಯ ಇದ್ರ ನೋಡ್ರಿ, ನಿಮ್ಮ ಮುಂದs ತಿಂತೀನಿ!”

ಅತಿಥಿಗಳಿಗಿಂತ ಮೊದಲು ಅವರು ಬಾಯಿಗೆ ನೀರನ್ನೂ ಹಾಕಿದವರಲ್ಲ. ಅಂಗೈಯಲ್ಲಿ ಒಂದು ಚಮಚ ಹಾಕಿಸಿಕೊಂಡು, ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ ನುಂಗಿದರು. ಕಣ್ಣು ತೆರೆದರು. ಆಮೇಲೆ ಕೈ ಚಾಚಿ, “ಇನ್ನೊಂದೀಟು ಹಾಕು” ಅಂದರು. ಅದೂ ಹೋಯಿತು. “ಮೂಲ್ಯಾಗಿಂದು ಹಾಕು, ಕೆಂಪಗಾಗಿದ್ದು.”

ಹುಡುಗನ ತಾಯಿಗೆ ಈಗ ಬೇರೆಯೇ ಸಂಶಯ ಬಂತು. ಪಾತ್ರೆಯ ಕಡೆ ಇಣುಕಿ, ತಮ್ಮ ಎಲೆಯನ್ನು ಮುಂದಕ್ಕೆ ಸರಿಸಿದರು. “ಬೀಗಿತ್ತಿಯವರ, ನಮಗೂ ಒಂದೀಟು ಉಳಸ್ರಿ!”

ಬೀಗಿತ್ತಿ ಅಂದುಬಿಟ್ಟಿದ್ದರು! ನಮ್ಮವರು ಶ್ರೀಖಂಡದ ಕೈಯಲ್ಲೇ ಬೀಗರಿಗೆ ನಮಸ್ಕಾರ ಮಾಡಿದರು. ಬಾಗಿಲ ಹಿಂದೆ ಬಳೆಗಳ ಸದ್ದಾಯಿತು. ನನಗೆ ಕುಣಿಯಬೇಕು ಅನ್ನಿಸಿತು.

ಬೀಗರನ್ನು ಕಳಿಸಿಕೊಟ್ಟು ಪಾತ್ರೆ ತಿಕ್ಕಲು ಕೂತಿದ್ದೆ. ಅತ್ತೆ ಹತ್ತಿರ ಬಂದು ದನಿ ತಗ್ಗಿಸಿದರು. “ಯಾರ ಮುಂದನೂ ಆಡಬ್ಯಾಡ. ಅದರಾಗ ತತ್ತಿ ಇತ್ತು.”

“ಇರಲಿಲ್ರಿ, ದೇವರಾಣಿ!”

“ಸುಮ್ಮನಿರು. ತತ್ತಿ ಇಲ್ಲದ ಅಷ್ಟು ರುಚಿ ಹ್ಯಾಂಗ ಬರ್ತದ? ಮೊದಲನೇ ತುತ್ತಿಗೇ ನನಗ ಗೊತ್ತಾತು. ಮಗಳ ಲಗ್ನ ಅಂತ ನುಂಗಿದೆ.”

ನನ್ನ ಕಣ್ಣು ತುಂಬಿ ಬಂತು. ಮೊಟ್ಟೆಯೆಂದೇ ನಂಬಿ, ಮಗಳಿಗಾಗಿ ತಿಂದಿದ್ದರು ಈ ತಾಯಿ! ಆದರೂ ಒಂದು ಮಾತು ಕೇಳದೆ ಇರಲಾಗಲಿಲ್ಲ.

“ಗೊತ್ತಾದ ಮ್ಯಾಲೆ ಮತ್ತ ಮತ್ತ ಯಾಕ ಹಾಕಿಸಿಕೊಂಡ್ರಿ, ಅತ್ತಿಯವರ?”

ಅತ್ತೆ ನನ್ನ ಕೈಯಿಂದ ಪಾತ್ರೆ ಕಸಿದುಕೊಂಡು, ತಳಕ್ಕೆ ಹತ್ತಿದ್ದ ಕೆಂಪು ಹಕ್ಕಳೆಯನ್ನು ಬೆರಳಿನಿಂದ ಕೆರೆದು ಬಾಯಿಗಿಟ್ಟುಕೊಂಡರು.

“ಖಾತ್ರಿ ಮಾಡಿಕೋಬೇಕಲ್ಲs!”