ಕಾಗಿನೆಲೆಯಾಕಿಯ ಗಂಟು

ನಮ್ಮ ಮೊಮ್ಮಗಳು ಕುಳಿತಲ್ಲೇ ಕಂಡಕಂಡ ಹೆಂಗಸರ ಎದೆಯಲ್ಲಿ ಗಂಟು ಇಡುತ್ತಾಳೆ! ಹೆದರಬೇಡಿ, ಮಾಟವಲ್ಲ, ಕಂಪ್ಯೂಟರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ಪೆನ್ನು ಹಿಡಿದಿದ್ದೇನೆಂದರೆ ನನ್ನ ಹಿಗ್ಗು ಎಷ್ಟಿರಬೇಕು, ನೀವೇ ಹೇಳಿ!

ಹಾವೇರಿಯಲ್ಲಿ ಓದುವ ಈ ಹುಡುಗಿ ರಜೆಗೆ ಬ್ಯಾಡಗಿಗೆ ಬಂದರೂ ಪರದೆ ಬಿಡುವುದಿಲ್ಲ. ಚರ್ಮ, ಕೊಬ್ಬು, ಹಾಲಿನ ನಾಳ ಎಲ್ಲವನ್ನೂ ಪದರ ಪದರವಾಗಿ ಹೊಂದಿಸಿ ಒಂದು ಎದೆ ಕಟ್ಟುತ್ತಾಳೆ. ಒಳಗೆಲ್ಲೋ ಗಂಟೊಂದನ್ನು ಇಟ್ಟು, ಸದ್ದು ಬಿಡುತ್ತಾಳೆ. ಆ ಸದ್ದು ಯಾರಿಗೂ ಕೇಳಿಸುವುದಿಲ್ಲ! ಮತ್ತೇಕೆ ಬಿಡುವುದು ಎಂದು ಕೇಳಿದರೆ ನನಗೇ ಪಾಠ ಹೇಳುತ್ತಾಳೆ:

"ಬಾವಿಗೆ ಬಗ್ಗಿ ಕೂಗಿದ್ರ ಕೂಗು ಹೊಳ್ಳಿ ಬರೂದಿಲ್ಲೇನು ಆಯಿ? ಹಂಗ. ಹೊಳ್ಳಿ ಬಂದ ಕೂಗಿನಾಗ ಒಳಗಿಂದು ಚಿತ್ರ ಮೂಡತೈತಿ. ಕಂಪ್ಯೂಟರು ಇದರಾಗ ಕಲತ್ರ ಖರೇ ಹೆಂಗಸರ ಗಂಟು ಲಗೂ ಹಿಡೀಬಹುದು."

ಐದು ಮಕ್ಕಳಿಗೆ ಹಾಲೂಡಿಸಿದವಳು ನಾನು. ಸುಮ್ಮನಿರಲಾದೀತೇ? "ನಾಳ ಇಷ್ಟ ಸಾಲೂದಿಲ್ಲವಾ, ಕೂಸು ಉಪಾಸ ಬೀಳತೈತಿ!" ಎಂದೆ. ನಗುತ್ತ ಇನ್ನೆರಡು ನಾಳ ಎಳೆದಳು.

ಕಟ್ಟಿದ ಒಂದೊಂದು ಎದೆಗೂ ಒಂದೊಂದು ಊರಿನ ಹೆಸರಿಡದಿದ್ದರೆ ಅವಳಿಗೆ ಕೆಲಸ ಸಾಗದು. ಹೊಸರಿತ್ತಿಯಾಕಿ, ರಾಣೆಬೆನ್ನೂರಾಕಿ, ಕಾಗಿನೆಲೆಯಾಕಿ! ಒಮ್ಮೆ ಗೆಳತಿಗೆ ಫೋನಿನಲ್ಲಿ, "ಕಾಗಿನೆಲಿಯಾಕಿ ಗಂಟು ಭಾಳ ಆಳಕ್ಕೈತಿ, ಕಾಣವಲ್ದು" ಎಂದಳು. ಅದನ್ನು ಕೇಳಿದ ನೆರೆಮನೆಯ ಖೈರುನ್ನೀಸಾ ಕಣ್ಣೀರು ತಂದುಕೊಂಡು, "ಯಾರ್ರೀ ಪಾಪ! ಮಕ್ಕಳು ಸಣ್ಣವು ಅದಾವೇನ್ರಿ?" ಎಂದರು. ಮರುದಿನ ದರ್ಗಾದಿಂದ ಹಸಿರು ದಾರ ಹಿಡಿದು ಬಂದರು. ನನ್ನ ಮೊಮ್ಮಗಳು ಅದನ್ನು ಕಂಪ್ಯೂಟರಿಗೇ ಕಟ್ಟಿಬಿಡುವುದೇ! ಸಂಜೆ ಓಡಿಹೋಗಿ, "ಚಾಚಿ, ಗಂಟು ಕಂಡಿತ್ರೀ!" ಎಂದು ಪೇಢೆ ಬೇರೆ ಕೊಟ್ಟುಬಂದಳು.

ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಆ ಪರದೆ ನೋಡುವುದು ನನಗೊಂದು ಸುಖ. ಬೂದಿ ಬಣ್ಣದ ಮೋಡಗಳು ತೇಲುತ್ತವೆ. ನೋಡುತ್ತ ಕುಳಿತರೆ ನಾನೂ ತೇಲುತ್ತೇನೆ. ಹಾಗೆ ತೇಲುತ್ತಲೇ ಒಂದು ಮಧ್ಯಾಹ್ನ ಕೇಳಿದೆ:

"ಎಲ್ಲಾ ಊರಾಕಿ ಅದಾರ. ಬ್ಯಾಡಗಿಯಾಕಿ ಎಲ್ಲಿ?"

"ನೀ ಇರೂ ಊರಾಕಿಗೆ ಗಂಟು ಇಡಾಕ ನನಗ ಕೈ ಬರೂದಿಲ್ಲ, ಆಯಿ."

ನನ್ನ ಕೈಯ ಮೆಣಸಿನಕಾಯಿ ಅಲ್ಲೇ ನಿಂತಿತು. ನಾಲ್ಕು ತಿಂಗಳಿಂದ ಸೆರಗಿನ ಮರೆಯಲ್ಲಿ ಬಚ್ಚಿಟ್ಟಿದ್ದೆ. ಈ ವಯಸ್ಸಿನಲ್ಲಿ ಯಾರಿಗೆ ತೋರಿಸುವುದು? ಏನೆಂದು ಹೇಳುವುದು?

"ನೀ ಇಡದಿದ್ರೂ ಐತಿ, ತಂಗಿ" ಎಂದೆ.

ಮರುದಿನವೇ ಹಾವೇರಿಯ ಆಸ್ಪತ್ರೆಯಲ್ಲಿ ಮಲಗಿದ್ದೆ. ಕಂಪ್ಯೂಟರಿನಿಂದ ಬಿಚ್ಚಿ ತಂದ ಹಸಿರು ದಾರ ನನ್ನ ಮುಂಗೈಯಲ್ಲಿತ್ತು. ಡಾಕ್ಟರಮ್ಮ ತಣ್ಣನೆಯ ಲೋಳೆ ಹಚ್ಚಿ ಯಂತ್ರ ಆಡಿಸಿದರು. ಅದೇ ಮೋಡಗಳು! ನಡುವೆ ಕಪ್ಪಗೆ, ದುಂಡಗೆ, ಒಂದು ಪುಟ್ಟ ಬಾವಿ. ಊರೂರಿನ ಗಂಟು ನೋಡಿದ ನನ್ನ ಧೀರೆ ಎಲ್ಲಿ? ಕಣ್ಣು ಬಿಗಿಯಾಗಿ ಮುಚ್ಚಿ, ನನ್ನ ಕಾಲಿನ ಹೆಬ್ಬೆರಳು ಹಿಡಿದು ನಿಂತಿದ್ದಳು.

"ಬರೇ ನೀರಿನ ಚೀಲ ಐತ್ರಿ ಅಮ್ಮಾರ. ಏನೂ ಹೆದರಬ್ಯಾಡ್ರಿ" ಎಂದರು ಡಾಕ್ಟರಮ್ಮ.

ಅವಳು ಆಗಲೂ ಕಣ್ಣು ಬಿಡಲಿಲ್ಲ. ಹೆಬ್ಬೆರಳ ಮೇಲೆ ಬೆಚ್ಚಗೆ ಎರಡು ಹನಿ ಬಿದ್ದವು.

"ಕಣ್ಣು ತಗಿ, ನನ್ನವ್ವ" ಎಂದೆ. "ಬಾವಿಗೆ ಬಗ್ಗಿ ಕೂಗಿದಿಯಲ್ಲ, ನೋಡಿಲ್ಲಿ, ನಾ ಓ ಅಂದೇನಿ."