ಲಾರಿಯ ಹಿಂದಿನ ಕೊನೇ ಸಾಲು

ಲಾರಿ ಸುಮ್ಮಸುಮ್ಮನೆ ಗುದ್ದುವುದಿಲ್ಲ. ಗುದ್ದಿದ ಮೇಲೆ ಡ್ರೈವರ್ ಸುಮ್ಮನಿರುವುದೂ ಇಲ್ಲ. ಅವನ ಹತ್ತಿರ ಕಾರಣ ಯಾವಾಗಲೂ ಸ್ಟಾಕ್ ಇರುತ್ತದೆ.

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅರಸೀಕೆರೆಯ ಟೀ ಅಂಗಡಿಯಲ್ಲಿ ಲೋಟ ತೊಳೆಯುತ್ತಾ, ಎದುರು ನಿಂತ ಲಾರಿಗಳ ಹಿಂದಿನ ಬರಹವನ್ನು ಕೂಡಿಸಿ ಕೂಡಿಸಿ ಓದಲು ಕಲಿತೆ; ಆಮೇಲೆ ಕೈಗೆ ಸಿಕ್ಕ ಪುಸ್ತಕ ಬಿಟ್ಟವಳಲ್ಲ. ಈಗ ಅಂಥದ್ದೊಂದು ಲಾರಿ ನನ್ನದೇ. ಈ ಸಲ ಕೊಬ್ಬರಿ ಮಂಡಿಯ ಸಾಹುಕಾರರು ಒಂದು ಮಾತು ಹೇಳಿದ್ದರು: "ಸೀಸನ್ ಮುಗಿಯೋ ತನಕ ನಿಮ್ಮ ಲಾರಿ ಇನ್ನೊಂದು ಗಾಡಿಗೆ ಗುದ್ದದೆ ಇದ್ರೆ, ಮುಂದಿನ ಸೀಸನ್ ಲೋಡೆಲ್ಲ ನಿಮಗೇ." ಗುದ್ದಿದರೆ ಮಂಡಿಯ ಬಾಗಿಲು ಮುಚ್ಚಿದ ಹಾಗೆ. ನಾನು ಒಪ್ಪಿಕೊಂಡೆ. ಡ್ರೈವರನ್ನು ಕೇಳಲಿಲ್ಲ.

ದೇವರ ಕಣ್ಣು

ಮೊದಲ ದಿನವೇ ಡ್ರೈವರ್ ಗಾಜಿಗೆ ಶೃಂಗಾರ ಮಾಡಿದ್ದ. ಮೂರು ಹಾರ, ನಿಂಬೆಹಣ್ಣು, ದೇವರ ಫೋಟೋ, ಒಂದು ಪ್ಲಾಸ್ಟಿಕ್ ಗಿಳಿ. ನಡುವೆ ಉಳಿದದ್ದು ರೊಟ್ಟಿಯಗಲದ ಕಿಂಡಿ. ಬೇಲೂರು ರಸ್ತೆಯಲ್ಲಿ ಬಾಳೆಹಣ್ಣಿನ ಗಾಡಿಗೆ ಗೇಣುದ್ದ ಇರುವಾಗ ಲಾರಿ ನಿಂತಿತು. ಪಕ್ಕದಲ್ಲಿ ಕೂತಿದ್ದ ನಾನು ಕೇಳಿದೆ:

"ರಸ್ತೆ ಕಾಣ್ತದೇನೋ ನಿಂಗೆ?"

"ನಂಗೆ ಕಾಣ್ದಿದ್ರೇನಕ್ಕಾ, ದೇವ್ರಿಗೆ ಕಾಣ್ತದಲ್ಲ."

"ಹಾಗಾದ್ರೆ ಈ ತಿಂಗಳ ಸಂಬಳ ದೇವರಿಗೇ ಕೊಡ್ತೀನಿ ಬಿಡು."

ಸಂಜೆಯ ಹೊತ್ತಿಗೆ ಗಾಜಿನ ಮೇಲೆ ಗಿಳಿಯೂ ಇರಲಿಲ್ಲ.

ಒರಗಿದ್ದು

ಕಾಫಿ ತೋಟಕ್ಕೆ ಗೊಬ್ಬರ ಇಳಿಸಿ ಬಿಕ್ಕೋಡಿನಿಂದ ವಾಪಸ್ ಬರುವಾಗ, ಡ್ರೈವರ್ ಡೀಸೆಲ್ ಉಳಿಸುತ್ತೇನೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದ. ಡೀಸೆಲ್ ಉಳಿಯಿತು, ಬ್ರೇಕು ಹಿಡಿಯಲಿಲ್ಲ. ಲಾರಿ ರಸ್ತೆ ಬಿಟ್ಟು ಒಂದು ಹುಲ್ಲಿನ ಮೆದೆಯೊಳಕ್ಕೆ ಮೂಗು ತೂರಿಸಿ ನಿಂತಿತು. ಮೆದೆಯ ಯಜಮಾನ, ಒಬ್ಬ ಅಜ್ಜ, ದೊಣ್ಣೆ ಹಿಡಿದು ಓಡಿಬಂದ.

"ಮೆದೆಗೆ ಗುದ್ದಿಬಿಟ್ಯಲ್ಲೋ!"

"ಗುದ್ದಿಲ್ಲ ಕಣಜ್ಜ, ಒಸಿ ಒರಗಿದೆ ಅಷ್ಟೆ."

"ಹಂಗಾರೆ ಕೆಳಗಿಳಿ. ನಾನೂ ನಿಂಗೆ ಒಸಿ ಒರಗ್ತೀನಿ."

ಮೆದೆಗೆ ಚಕ್ರವಿಲ್ಲವಲ್ಲ, ಮಂಡಿಯ ಷರತ್ತು ಉಳಿಯಿತು. ಡ್ರೈವರ್ ಮಾತ್ರ ಎರಡು ದಿನ ಸೀಟಿಗೆ ಒರಗಲಿಲ್ಲ.

ಮುದ್ದೆ

ಮಧ್ಯಾಹ್ನ ಮುದ್ದೆ ಉಂಡರೆ ಅವನಿಗೆ ನಿದ್ದೆ. ಎಚ್ಚರವಿರಲಿ ಎಂದು ಪಕ್ಕದಲ್ಲಿ ಕೂತು, ಪುಸ್ತಕದಲ್ಲಿ ಓದಿದ್ದನ್ನೆಲ್ಲ ಹೇಳುತ್ತಾ ಬಂದೆ. ಹಳೇಬೀಡು ಬರುವಷ್ಟರಲ್ಲಿ ಲಾರಿಯನ್ನು ಮರದ ನೆರಳಿಗೆ ಹಾಕಿ ಕೈಮುಗಿದ.

"ಅಕ್ಕಾ, ಮುದ್ದೆ ತಡ್ಕಂಡಿದ್ದೆ. ನಿಮ್ಮ ಮಾತು ತಡ್ಕಳಕ್ಕಾಗ್ಲಿಲ್ಲ."

ಕೊನೇ ಸಾಲು

ಇಷ್ಟೆಲ್ಲ ಕಂಡ ಮೇಲೆ ಊರಿಗೆ ಬುದ್ಧಿ ಹೇಳದೆ ಇರಲಾಗಲಿಲ್ಲ. ಲಾರಿಯ ಹಿಂದೆ ಬರೆಸಲು ಪೇಂಟರನ್ನು ಕರೆದೆ.

"ಮೂರು ಪದ ಸಾಕಮ್ಮ," ಅಂದ.

"ನಾನು ಓದು ಕಲಿತದ್ದು ಮೂರು ಪದಕ್ಕಲ್ಲ. ಬರಿ."

ಗಾಜಿಗೆ ಹಾರ ಬೇಡ, ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ, ನಿದ್ದೆ ಬಂದರೆ ನಿಲ್ಲಿಸಿ ಮಲಗಿ, ಹೀಗೆ ಹಿಂದಿನ ಹಲಗೆಯ ತುಂಬ ಬರೆಸಿದೆ. ಜಾಗ ಸಾಲದೆ ಅಕ್ಷರ ಸಾಸಿವೆಯಷ್ಟಾಯಿತು.

ಸೀಸನ್ನಿನ ಕೊನೆಯ ಲೋಡು. ಕಣಕಟ್ಟೆಯಿಂದ ಕೊಬ್ಬರಿ ತುಂಬಿಕೊಂಡು ಬಂದು ರೈಲ್ವೆ ಗೇಟಿನಲ್ಲಿ ನಿಂತಿದ್ದೆವು. ಹಿಂದಿನಿಂದ ಧಡ್ ಎಂದು ಸದ್ದಾಯಿತು. ಮಂಡಿಯ ಬಾಗಿಲು ಮುಚ್ಚಿತು ಅಂದುಕೊಂಡೆ.

"ನಾನು ನಿಂತೇ ಇದ್ದೆ ಕಣಕ್ಕಾ!" ಡ್ರೈವರ್ ಕಿರುಚಿದ. ಅವನ ಜೀವಮಾನದಲ್ಲಿ ಮೊದಲ ಸಲ ನಿಜವಾದ ಕಾರಣ.

ಇಳಿದು ನೋಡಿದರೆ ಮಂಡಿಯ ಸಾಹುಕಾರರೇ. ಅವರ ಕಾರಿನ ಬಾನೆಟ್ ಚಪ್ಪರದ ಹಾಗೆ ಎದ್ದಿತ್ತು. ಪುಣ್ಯಕ್ಕೆ ಅವರಿಗೆ ಹಣೆಯ ಮೇಲೊಂದು ಬುಗುಟು ಬಂದದ್ದು ಬಿಟ್ಟರೆ ಏನೂ ಆಗಿರಲಿಲ್ಲ.

"ಏನಮ್ಮಾ ಇದು, ಲಾರಿ ಹಿಂದೆ ಪುರಾಣ ಬರೆಸಿದ್ದೀರಿ! ಕಣಕಟ್ಟೆಯಿಂದ ಓದ್ಕೊಂಡೇ ಬಂದೆ. ಕೊನೇ ಸಾಲು ಕಾಣ್ಲಿಲ್ಲ ಅಂತ ಒಂಚೂರು ಹತ್ತಿರ ಬಂದೆ ನೋಡಿ..."

ಡ್ರೈವರ್ ಬಗ್ಗಿ, ಬೆರಳಿಟ್ಟು, ಜೋರಾಗಿ ಓದಿದ: "ಇಷ್ಟು ಹತ್ತಿರ ಬರಬೇಡಿ."

"ಗುದ್ದಿದ್ದು ಯಾರು ಸಾಹುಕಾರ್ರೇ?" ಅಂತ ಕೇಳಿದೆ.

ಅವರು ಹಣೆ ಉಜ್ಜಿಕೊಂಡರು. "ಆಯ್ತಮ್ಮ, ಲೋಡು ನಿಮಗೇ. ಮೊದಲು ಈ ಪುರಾಣ ಅಳಿಸಿ."

"ಅಳಿಸೋ ಮಾತೇ ಇಲ್ಲ. ಬೇಕಾದ್ರೆ ನಿಮಗೋಸ್ಕರ ಕೊನೇ ಸಾಲನ್ನ ಮೇಲಕ್ಕೆ ತರ್ತೀನಿ."