ದೊಡ್ಡ ಕರುಳಿನ ತಿಂಗಳು

ಪ್ರತಿ ವರ್ಷ ಮಾರ್ಚ್ ತಿಂಗಳು ದೊಡ್ಡ ಕರುಳಿನ ಕ್ಯಾನ್ಸರ್ ಬಗ್ಗೆ ಜನರಿಗೆ ತಿಳಿಸುವುದಕ್ಕೆ ಮೀಸಲು. ಸರ್ಕಾರಿ ಆಸ್ಪತ್ರೆಯ ನರ್ಸಾದ ನಾನು ಆ ತಿಂಗಳಿಡೀ ಡಾಕ್ಟರೊಬ್ಬರ ಜೊತೆ ಜೀಪಿನಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸುತ್ತುತ್ತೇನೆ. ಹೇಳಬೇಕಾದ್ದು ಇಷ್ಟೇ: ಮಲದಲ್ಲಿ ರಕ್ತ ಕಂಡರೆ, ಹೊಟ್ಟೆಯ ಅಭ್ಯಾಸ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ ನಾಚಿಕೊಳ್ಳದೆ ಬಂದು ತೋರಿಸಿ, ಬೇಗ ಗೊತ್ತಾದರೆ ಗುಣವಾಗುತ್ತದೆ. ಮಾತು ಸುಲಭ. ಆದರೆ ಬಾಗಿಲು ಹಾಕಿಕೊಂಡು ಮಾಡುವ ಕೆಲಸದ ಬಗ್ಗೆ ಬಯಲಲ್ಲಿ ನಿಂತು ಮಾತಾಡಲು ಹೋದರೆ ಏನಾದರೊಂದು ಆಗದೆ ಇರುವುದಿಲ್ಲ.

ಮೈಕಿನ ಮರ್ಯಾದೆ

ಪಾಂಡವಪುರದಲ್ಲಿ ಶಿಬಿರದ ಹಿಂದಿನ ದಿನ ಆಟೋಗೆ ಮೈಕು ಕಟ್ಟಿಸಿ ಊರೆಲ್ಲ ಕೂಗಿಸಿದೆವು. ಆಟೋ ಓಡಿಸುವ ಸಾಬರದು ಒಳ್ಳೆ ಕಂಠ. "ಮಲದಲ್ಲಿ ರಕ್ತ ಬೀಳುತ್ತಿದ್ದರೆ ನಾಳೆ ಆಸ್ಪತ್ರೆಗೆ ಬನ್ನಿ, ಉಚಿತ ತಪಾಸಣೆ" ಎಂದು ನಾನೇ ಹೇಳಿಕೊಟ್ಟಿದ್ದೆ.

ಬೆಳಿಗ್ಗೆ ಹೋದರೆ ದೊಡ್ಡ ಸಾಲು. ನನಗೆ ಖುಷಿಯೋ ಖುಷಿ. ಹತ್ತಿರ ಹೋಗಿ ನೋಡಿದರೆ ಮೊದಲು ನಿಂತಿದ್ದವರು ಬೆರಳಿಗೆ ಬಟ್ಟೆ ಸುತ್ತಿಕೊಂಡ ಬಡಗಿ. ಅವರ ಹಿಂದೆ ಕಬ್ಬು ಕಡಿಯುವಾಗ ಕಾಲಿಗೆ ಮಚ್ಚು ತಾಗಿಸಿಕೊಂಡವನು. ಅವನ ಹಿಂದೆ ವಸಡಿನಲ್ಲಿ ರಕ್ತ ಬರುವ ಒಬ್ಬ ಅಜ್ಜಿ. ಡಾಕ್ಟರು ನನ್ನ ಮುಖ ನೋಡಿದರು. ನಾನು ಸಾಬರನ್ನು ಕರೆದು ಕೇಳಿದೆ.

"ನಿನ್ನೆ ಏನಂತ ಕೂಗಿದ್ರಿ?"

"ನೀವು ಹೇಳ್ಕೊಟ್ಟಂಗೇ ಸಿಸ್ಟರ್. ಮೊದಲ್ನೇದು ಒಂದು ಮಾತು ಮಾತ್ರ ಬುಟ್ಬುಟ್ಟೆ."

"ಅದೇ ಮುಖ್ಯ ಅಲ್ವಾ? ಯಾಕೆ ಬಿಟ್ರಿ?"

"ಇದು ನಮ್ಮ ಮಾವನ ಊರು ಸಿಸ್ಟರ್. ಮೈಕಲ್ಲಿ ಆ ಮಾತಾಡ್ಬುಟ್ಟು, ಆಮೇಲೆ ಯಾವ ಮುಖ ಇಟ್ಕೊಂಡು ಅವ್ರ ಮನೇಲಿ ಬಿರಿಯಾನಿ ತಿನ್ಲಿ?"

ಡಾಕ್ಟರು ಅವತ್ತು ಮಧ್ಯಾಹ್ನದವರೆಗೂ ಹೊಲಿಗೆ ಹಾಕಿದರು.

ಡಬ್ಬಿ

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯಲ್ಲಿ ಐವತ್ತು ದಾಟಿದವರಿಗೆಲ್ಲ ಒಂದೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟೆವು. ನಾಳೆ ಬೆಳಿಗ್ಗೆ ಇದರಲ್ಲಿ ಸ್ವಲ್ಪ ಹಾಕಿ ತನ್ನಿ, ಕಣ್ಣಿಗೆ ಕಾಣದ ರಕ್ತ ಇದ್ದರೂ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ ಎಂದು ಬಿಡಿಸಿ ಹೇಳಿದೆ. ಹೆಂಗಸರು ಸೆರಗಿನೊಳಗೆ ಡಬ್ಬಿ ಮುಚ್ಚಿಕೊಂಡು ನಗುತ್ತಾ ಹೋದರು. ಗಂಡಸರು ಯಾರೋ ಬೇರೆಯವರ ಡಬ್ಬಿ ಹಿಡಿದುಕೊಂಡವರಂತೆ ಹೋದರು.

ಮರುದಿನ ಪರೀಕ್ಷೆ ಮಾಡುವವರು ಒಂದು ಡಬ್ಬಿ ಎತ್ತಿಕೊಂಡು ಬಂದು, "ಸಿಸ್ಟರ್, ಈ ಮನುಷ್ಯರಿಗೆ ತುಂಬಾ ಮಲಬದ್ಧತೆ ಇರಬೇಕು" ಅಂದರು. ಒಳಗೆ ಕಪ್ಪಗೆ, ಉರುಟಾಗಿ, ಕಡಲೆಕಾಳಿನಂತೆ ಇದ್ದವು. ತಂದಿದ್ದ ಗೌಡರು ಕುರಿ ಸಾಕುವವರು. ಕರೆಸಿ ಕೇಳಿದೆ.

"ಗೌಡ್ರೇ, ಇದು ನಿಮ್ದೇನಾ?"

"ನಮ್ದೇ ಕಣವ್ವ."

"ನಿಮ್ದು ಅಂದ್ರೆ?"

"ನಮ್ಮ ಕುರೀದು. ನಾನು ಗಟ್ಟಿಮುಟ್ಟಾಗಿವ್ನಿ. ಅದು ನಾಕು ದಿನದಿಂದ ಮೇವು ಮುಟ್ತಿಲ್ಲ. ಬಿಟ್ಟಿ ಡಬ್ಬಿ ಯಾಕೆ ಸುಮ್ನೆ ಹಾಳು ಮಾಡದು ಅಂತ ಅದ್ರದ್ದೇ ತಂದೆ."

ಇನ್ನೊಂದು ಡಬ್ಬಿ ಕೊಟ್ಟು, ಇದು ಮನುಷ್ಯರಿಗೆ, ನಾಳೆ ನಿಮ್ಮದನ್ನೇ ತರಬೇಕು ಎಂದೆ. ಗೌಡರು ಬಾಗಿಲವರೆಗೆ ಹೋಗಿ ತಿರುಗಿ ನಿಂತರು. "ಆಗ್ಲಿ ಕಣವ್ವ, ತತ್ತೀನಿ. ಕುರಿ ರಿಪೋರ್ಟು ಯಾವಾಗ ಬತ್ತದೆ?"

ಕರುಳಿನೊಳಗೆ ಅಂಗಡಿ

ಒಂದು ವರ್ಷ ನಮಗೆ ದೊಡ್ಡ ಕರುಳಿನ ಮಾದರಿ ಬಂತು. ಗುಲಾಬಿ ಬಣ್ಣದ ದಪ್ಪ ರಬ್ಬರು, ಗಾಳಿ ತುಂಬಿದರೆ ಜನ ತಲೆ ಬಗ್ಗಿಸದೆ ಒಳಗೆ ನಡೆದು ಹೋಗುವಷ್ಟು ಎತ್ತರ. ಒಳಗೋಡೆಯಲ್ಲಿ ಸಣ್ಣ ಗಂಟು, ದೊಡ್ಡ ಗಂಟು, ಅದು ಕ್ಯಾನ್ಸರ್ ಆಗುವ ಬಗೆ, ಎಲ್ಲ ಕಾಣುತ್ತಿತ್ತು. ಅದನ್ನು ಸಂತೆಬಾಚಹಳ್ಳಿಯ ಸಂತೆಯಲ್ಲಿ ನಿಲ್ಲಿಸಿದೆವು.

ಬಿಸಿಲು ಏರಿತು. ಒಳಗೆ ಹೋದ ಜನ ಈಚೆಗೆ ಬರುವುದು ತಡವಾಗುತ್ತಿತ್ತು. ನಮ್ಮ ವಿಷಯದಲ್ಲಿ ಇಷ್ಟು ಆಸಕ್ತಿಯೇ ಎಂದು ಡಾಕ್ಟರು ಹಿಗ್ಗಿ ಹೋದರು. ಆಮೇಲೆ ನೋಡಿದರೆ, ಬಂದವರ ಕೈಯಲ್ಲೆಲ್ಲ ಸೊಪ್ಪಿನ ಕಟ್ಟು. ಒಳಗೆ ನೆರಳು ಚೆನ್ನಾಗಿದೆ ಎಂದು ಸೊಪ್ಪು ಮಾರುವ ಅಜ್ಜಿ ನಡುಮಧ್ಯೆ ಗೋಣಿ ಹಾಸಿ ವ್ಯಾಪಾರ ಶುರು ಮಾಡಿದ್ದರು. ದೊಡ್ಡ ಗಂಟಿಗೆ ಬೆನ್ನು ಒರಗಿಸಿಕೊಂಡಿದ್ದರು.

ಡಾಕ್ಟರು ಸಮಾಧಾನವಾಗಿಯೇ ಹೇಳಿದರು. "ಅಜ್ಜಿ, ಇದು ಸಂತೆ ಮಳಿಗೆ ಅಲ್ಲ. ಮನುಷ್ಯನ ದೊಡ್ಡ ಕರುಳು."

ಅಜ್ಜಿ ಸೊಪ್ಪಿಗೆ ನೀರು ಚಿಮುಕಿಸುತ್ತಲೇ ಹೇಳಿದರು. "ಗೊತ್ತು ಕಣಪ್ಪ. ಸೊಪ್ಪು ತಿಂದ್ರೆ ಕೊನೆಗೆ ಇಲ್ಲಿಗೇ ತಾನೆ ಬರದು. ನಾನು ಒಸಿ ಮುಂಚೆ ತಂದಿವ್ನಿ."

ಮೇಷ್ಟ್ರು

ಶ್ರೀರಂಗಪಟ್ಟಣದ ನಮ್ಮ ಕಾರ್ಯಕ್ರಮಕ್ಕೆ ಪ್ರತಿ ವರ್ಷವೂ ಒಬ್ಬರೇ ಅತಿಥಿ, ನಿವೃತ್ತ ಕನ್ನಡ ಮೇಷ್ಟ್ರು. ಊರಿನ ಅರ್ಧ ಜನ ಅವರ ಶಿಷ್ಯರು. ಭಾಷಣ ಸೊಗಸಾಗಿ ಮಾಡುತ್ತಿದ್ದರು, ಆದರೆ ಮಲ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. "ಆ ವಿಷಯ" ಅನ್ನುತ್ತಿದ್ದರು.

ಹೋದ ವರ್ಷ ಭಾಷಣ ಮುಗಿಸಿ, ಯಾರಾದರೂ ಪ್ರಶ್ನೆ ಕೇಳುವುದಿದ್ದರೆ ಕೇಳಿ ಎಂದು ಕನ್ನಡಕ ತೆಗೆದು ಒರೆಸುತ್ತಾ ನಿಂತರು. ಹಿಂದಿನ ಸಾಲಿನಿಂದ ಒಂದು ಹೆಣ್ಣುದನಿ ಎದ್ದಿತು.

"ಎರಡು ತಿಂಗಳಿಂದ ರಕ್ತ ಹೋಗ್ತಿದ್ರೂ, ಮೂಲವ್ಯಾಧಿ ಅಂತ ಹೇಳ್ಕೊಂಡು ಮೂಲಂಗಿ ತಿಂತಾ ಮನೇಲಿ ಕೂತಿರೋ ಗಂಡಸಿಗೆ ಏನು ಮಾಡ್ಬೇಕು?"

ಮಾತಿನ ಭರದಲ್ಲಿ ಮೇಷ್ಟ್ರಿಗೆ ದನಿಯ ಗುರುತು ಹತ್ತಲಿಲ್ಲ. "ಅಂಥ ಮೂಢನನ್ನು ಕೈಕಾಲು ಕಟ್ಟಿಯಾದರೂ ಆಸ್ಪತ್ರೆಗೆ ಎಳೆದು ತರಬೇಕು" ಅಂದರು.

"ಸರಿ. ನಡೀರಿ ಹಂಗಾದ್ರೆ" ಎಂದು ಅವರ ಹೆಂಡತಿ ವೇದಿಕೆಯ ಹತ್ತಿರ ಬಂದು ನಿಂತರು.

ಸಭೆಯಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಅವರ ಶಿಷ್ಯರು. ಮೇಷ್ಟ್ರು ಕನ್ನಡಕ ಹಾಕಿಕೊಂಡು, ಶಾಲು ಸರಿಮಾಡಿಕೊಂಡು, ಹೆಂಡತಿಯ ಹಿಂದೆ ಸೀದಾ ನಮ್ಮ ಜೀಪು ಹತ್ತಿದರು.

ಮೂಲವ್ಯಾಧಿ ಅಲ್ಲ, ಕ್ಯಾನ್ಸರೇ ಆಗಿತ್ತು. ಪುಣ್ಯಕ್ಕೆ ಕರುಳಿನ ಗೋಡೆ ದಾಟಿರಲಿಲ್ಲ. ಮೈಸೂರಿನಲ್ಲಿ ಆಪರೇಷನ್ ನಿಗದಿಯಾಯಿತು. ಹೋಗುವ ಮುಂಚೆ ಮೇಷ್ಟ್ರು ನನಗೆ ಹೇಳಿದ್ದು ಒಂದೇ ಮಾತು. "ಅವಳು ಎದ್ದು ನಿಲ್ಲದೆ ಇದ್ದಿದ್ರೆ ಮುಂದಿನ ಮಾರ್ಚಲ್ಲೂ ನಾನು ಭಾಷಣಾನೇ ಮಾಡ್ತಿದ್ದೆ ಸಿಸ್ಟರ್. ಬದುಕಿದ್ದಿದ್ರೆ."

ಕರುಳಿನ ಆಪರೇಷನ್ ಆದಮೇಲೆ ಹೊಟ್ಟೆಯ ಗಾಳಿ ಕೆಳಗೆ ಹೋಗುವುದನ್ನೇ ಎಲ್ಲರೂ ಕಾಯುತ್ತಾರೆ. ಅದು ಹೋದರೆ ಕರುಳು ಕೆಲಸ ಶುರು ಮಾಡಿತು ಎಂದರ್ಥ. ಅಲ್ಲಿನ ಡಾಕ್ಟರು ಬಂದಾಗಲೆಲ್ಲ ವಾರ್ಡಿಗೆಲ್ಲ ಕೇಳುವಂತೆ "ಗಾಳಿ ಹೋಯ್ತಾ ಮೇಷ್ಟ್ರೇ?" ಅನ್ನುವರು. ಮೇಷ್ಟ್ರು ಗೋಡೆಯ ಕಡೆ ತಿರುಗಿಕೊಂಡು ಇಲ್ಲವೆಂದು ತಲೆಯಾಡಿಸುವರು. ಹೆಂಡತಿ ಕಂಡ ದೇವರಿಗೆಲ್ಲ ಹರಕೆ ಹೊತ್ತು ಕೂತಿದ್ದರು.

ನಾನು ನೋಡಲು ಹೋದ ಬೆಳಿಗ್ಗೆಯೇ ಅದು ಆಯಿತು. ಆ ತಾಯಿ ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಅಳುತ್ತಲೇ ಊರಿನಲ್ಲಿದ್ದ ತಮ್ಮನಿಗೆ ಫೋನು ಮಾಡಿದರು. "ಹೋಯ್ತು ಕಣೋ. ಈಗ ತಾನೆ ಹೋಯ್ತು. ನೋವಿಲ್ದಂಗೆ ಹೋಯ್ತು." ಮತ್ತೆ ಜೋರಾಗಿ ಅತ್ತರು. ಆ ಕಡೆಯಿಂದ "ಬಂದೆ ಕಣಕ್ಕ" ಎಂದು ಫೋನು ಇಟ್ಟ ಸದ್ದಾಯಿತು.

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರಿಗೆ ಗಂಜಿನೀರು ಕೊಡಬಹುದು ಅಂದರು. ಅವರು ದಿಂಬಿಗೆ ಒರಗಿ ಚಮಚದಲ್ಲಿ ಕುಡಿಯುತ್ತಿರುವಾಗ ಭಾಮೈದ ವಾರ್ಡಿನ ಬಾಗಿಲಲ್ಲಿ ಕಾಣಿಸಿಕೊಂಡ. ಕೈಯಲ್ಲಿ ಆಳುದ್ದದ ಚೆಂಡುಹೂವಿನ ಹಾರ. ಹಿಂದೆ ಒಂದು ಟೆಂಪೋ ತುಂಬ ಬಂದ ನೆಂಟರು. ಒಳಗೆ ಎರಡು ಹೆಜ್ಜೆ ಇಟ್ಟವನು ಹಾಗೇ ನಿಂತುಬಿಟ್ಟ.

"ಭಾವ... ಅಕ್ಕ ಫೋನಲ್ಲಿ, ಹೋಯ್ತು ಅಂದ್ಲು..."

ಮೇಷ್ಟ್ರು ಹಾರವನ್ನು ನೋಡಿದರು, ನೆಂಟರನ್ನು ನೋಡಿದರು. ಗಂಜಿ ನುಂಗಿಕೊಂಡು, ಹಿಂದೆ ಕ್ಲಾಸಿನಲ್ಲಿ ಕಾಗುಣಿತ ತಿದ್ದುತ್ತಿದ್ದ ದನಿಯಲ್ಲಿ, ಇಡೀ ವಾರ್ಡಿಗೆ ಕೇಳುವಂತೆ ಹೇಳಿದರು.

"ಹಾರ ಕೆಳಗಿಡಯ್ಯ. ಹೋಗಿದ್ದು ಪ್ರಾಣವಾಯು ಅಲ್ಲ, ಅಪಾನವಾಯು."